ಕಾರಿನ ಸಸ್ಪೆನ್ಷನ್ ದುರಸ್ತಿ: ಮಿತವ್ಯಯದ, ನಂಬಿಕಸ್ತ ಮೆಕ್ಯಾನಿಕ್‌ನ ಆಯ್ಕೆ ಹೇಗೆ?

ವ್ಯಾಪಾರ ಮತ್ತು ಸಣ್ಣ ಕೈಗಾರಿಕೆಗಳ ವೆಚ್ಚದ ಪಟ್ಟಿಯಲ್ಲಿ ವಾಹನ ನಿರ್ವಹಣೆಗೆ ಪ್ರತ್ಯೇಕ ಸ್ಥಾನವಿದೆ. ಇಂಧನದ ದರ ಎಲ್ಲರಿಗೂ ಒಂದೇ. ವಿಮೆಯ ಕಂತು, ರಸ್ತೆ ತೆರಿಗೆ ಮುಂಚಿತವಾಗಿಯೇ ತಿಳಿದಿರುತ್ತವೆ. ದುರಸ್ತಿಯ ವೆಚ್ಚವೊಂದೇ ಮಾಲೀಕನ ವಿವೇಚನೆಯನ್ನು ಅನುಸರಿಸಿ ಏರುವ ಅಥವಾ ಇಳಿಯುವ ಬಾಬತ್ತು. ಅದರಲ್ಲಿಯೂ ಸಸ್ಪೆನ್ಷನ್ ದುರಸ್ತಿಯು ಅನೇಕರಿಗೆ ಬಿಡಿಸಲಾಗದ ಒಗಟಾಗಿ ಪರಿಣಮಿಸಿದೆ. ಒಂದೇ ಶಬ್ದಕ್ಕೆ ಒಂದು ಗ್ಯಾರೇಜಿನಲ್ಲಿ ಕೆಲವು ನೂರು ರೂಪಾಯಿ, ಮತ್ತೊಂದರಲ್ಲಿ ಹಲವು ಸಾವಿರ ರೂಪಾಯಿ ಹೇಳುವುದುಂಟು. ಹಣ ಕೊಟ್ಟ ನಂತರವೂ ಶಬ್ದ ಉಳಿದುಕೊಂಡಿರುವುದೂ ಅಪರೂಪವಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಭಾಗದ ವರ್ತಕರಿಗೆ ಈ ವಿಷಯ ಹೆಚ್ಚು ಹತ್ತಿರದ್ದು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಮಡಿಕೇರಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 275 ಈ ಭಾಗದ ಮುಖ್ಯ ಮಾರ್ಗ. ಆದರೆ ವ್ಯಾಪಾರ ಹೆದ್ದಾರಿಯಲ್ಲಿಯೇ ಮುಗಿಯುವುದಿಲ್ಲ. ಭತ್ತದ ಕಣಜವೆಂದು ಹೆಸರಾದ ಕೃಷ್ಣರಾಜನಗರದ ಅಕ್ಕಿ ಗಿರಣಿಗಳಿಗೆ ಭತ್ತ ಬರುವುದು, ಹೊಸ ಅಗ್ರಹಾರದಂತಹ ಹೋಬಳಿ ಕೇಂದ್ರಗಳ ಅಂಗಡಿಗಳಿಗೆ ದಿನಸಿ ತಲುಪುವುದು, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಮಾರುಕಟ್ಟೆಗೆ ತಂಬಾಕಿನ ಬೇಲುಗಳು ಸೇರುವುದು, ಕೋಟೆಯ ಕಡೆಯ ಹೊಲಗಳಿಂದ 60 ಕಿಲೋ ಶುಂಠಿ ಮೂಟೆಗಳು ಹೊರಡುವುದು, ಇವೆಲ್ಲವೂ ಒಳರಸ್ತೆಗಳ ಮೂಲಕವೇ. ಹೊಲದ ದಾರಿ, ನಾಲೆಯ ಏರಿ, ಊರೂರಿಗೂ ಇರುವ ಹಂಪ್‌ಗಳು ವಾಹನದ ಕೆಳಭಾಗದ ಮೇಲೆ ಪ್ರತಿದಿನವೂ ಭಾರ ಹಾಕುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ರೂಪಿಸಿದ ಮಾರ್ಗಸೂಚಿಯಂತೆ ಹಂಪ್ ಒಂದು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿದ್ದು ದುಂಡಾಗಿ ಇಳಿಜಾರಾಗಿರಬೇಕು. ಗ್ರಾಮಗಳಲ್ಲಿ ಸ್ಥಳೀಯವಾಗಿ ಹಾಕಿಕೊಂಡ ಕಿರಿದಾದ, ಕಡಿದಾದ ದಿಬ್ಬಗಳಿಗೆ ಈ ಅಳತೆ ಅನ್ವಯಿಸಿರುವುದಿಲ್ಲ. ಅವುಗಳ ಏಟನ್ನು ತಿನ್ನುವುದು ವಾಹನದ ಸಸ್ಪೆನ್ಷನ್.

ಕಾಣದ ಕೆಲಸ, ಅಳೆಯಲಾಗದ ಬೆಲೆ

ಹುಣಸೂರು ಗಾಡಿಗಳ ಕೆಲಸಕ್ಕೆ ಹಿಂದಿನಿಂದಲೂ ಹೆಸರಾದ ಊರು. 19ನೆಯ ಶತಮಾನದಲ್ಲಿ ಸೈನ್ಯದ ಅಗತ್ಯಕ್ಕಾಗಿ ಅಲ್ಲಿ ಗಾಡಿಗಳನ್ನು ನಿರ್ಮಿಸಲಾಗುತ್ತಿತ್ತು. ಎತ್ತಿನ ಗಾಡಿಯ ಕಾಲದಲ್ಲಿ ಬಡಗಿಯ ಮತ್ತು ಕಮ್ಮಾರನ ಕೆಲಸವನ್ನು ಮಾಲೀಕನೇ ಪರೀಕ್ಷಿಸಬಲ್ಲವನಾಗಿದ್ದ. ಗಾಲಿಯ ಅರ ಬಿರುಕು ಬಿಟ್ಟಿದೆಯೇ, ಕಬ್ಬಿಣದ ಪಟ್ಟಿ ಸಡಿಲವಾಗಿದೆಯೇ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಕಾರಿನ ಸಸ್ಪೆನ್ಷನ್ ಹಾಗಲ್ಲ. ಅದು ಚಕ್ರದ ಹಿಂದೆ, ವಾಹನದ ಹೊಟ್ಟೆಯ ಕೆಳಗೆ ಅಡಗಿದೆ. ಯಾವ ಭಾಗ ಸವೆದಿದೆ ಎಂದು ಹೇಳುವವನೂ, ಅದನ್ನು ಬದಲಾಯಿಸಿ ಹಣ ಪಡೆಯುವವನೂ ಒಬ್ಬನೇ ಆಗಿರುತ್ತಾನೆ.

ಅರ್ಥಶಾಸ್ತ್ರಜ್ಞರು ಈ ಬಗೆಯ ಸೇವೆಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿದ್ದಾರೆ. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬುವರು ಪ್ರಕಟಿಸಿದ ಪ್ರಬಂಧವೊಂದು, ಕೊಂಡ ನಂತರವೂ ಅಗತ್ಯವಿತ್ತೇ ಇರಲಿಲ್ಲವೇ ಎಂದು ಗ್ರಾಹಕ ತಿಳಿಯಲಾಗದ ಸೇವೆಗಳ ಸ್ವರೂಪವನ್ನು ವಿವರಿಸಿತು. ಇಂತಹ ಸೇವೆಗೆ ಬೆಲೆ ಕೊಡುವುದೆಂದರೆ ನಂಬಿಕೆಗೆ ಬೆಲೆ ಕೊಡುವುದೇ. ಆದ್ದರಿಂದ ಅಗ್ಗದ ಮೆಕ್ಯಾನಿಕ್ ಯಾರು ಎಂಬ ಪ್ರಶ್ನೆಗಿಂತ, ದೋಷವನ್ನು ಸರಿಯಾಗಿ ಹುಡುಕಿ ತೋರಿಸುವವನು ಯಾರು ಎಂಬ ಪ್ರಶ್ನೆಯೇ ವರ್ತಕನಿಗೆ ಮುಖ್ಯವಾದುದು. ಸಸ್ಪೆನ್ಷನ್ ದುರಸ್ತಿಯಲ್ಲಿ ಉಳಿತಾಯವಾಗುವುದು ಬಿಡಿಭಾಗದ ಬೆಲೆಯ ಚೌಕಾಸಿಯಿಂದಲ್ಲ, ಬೇಡದ ಬಿಡಿಭಾಗವನ್ನು ಕೊಳ್ಳದಿರುವುದರಿಂದ.

ಸಸ್ಪೆನ್ಷನ್‌ನ ಮೂರು ಕೆಲಸಗಳು

ಮೆಕ್ಯಾನಿಕ್‌ನೊಡನೆ ವ್ಯವಹರಿಸುವ ಮೊದಲು ಮಾಲೀಕನಿಗೆ ಸ್ವಲ್ಪ ಮೂಲಜ್ಞಾನವಿರುವುದು ಒಳ್ಳೆಯದು. ಸಸ್ಪೆನ್ಷನ್ ಎಂಬುದು ಒಂದೇ ವಸ್ತುವಲ್ಲ, ಮೂರು ಬೇರೆ ಬೇರೆ ಕೆಲಸ ಮಾಡುವ ಭಾಗಗಳ ಒಟ್ಟು ಹೆಸರು.

ಮೊದಲನೆಯದು ಸ್ಪ್ರಿಂಗ್. ಇದು ವಾಹನದ ಮತ್ತು ಸರಕಿನ ಭಾರವನ್ನು ಹೊರುತ್ತದೆ. ಕಾರುಗಳಲ್ಲಿ ಸುರುಳಿ ಸ್ಪ್ರಿಂಗ್ ಇರುತ್ತದೆ. ಬಹುತೇಕ ಪಿಕಪ್ ಮತ್ತು ಸಣ್ಣ ಸರಕು ವಾಹನಗಳ ಹಿಂಭಾಗದಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್, ಅಂದರೆ ಆಡುಮಾತಿನ ಬ್ಲೇಡು ಇರುತ್ತದೆ. ಎರಡನೆಯದು ಶಾಕ್ ಅಬ್ಸಾರ್ಬರ್. ಇದು ಭಾರ ಹೊರುವುದಿಲ್ಲ. ಸ್ಪ್ರಿಂಗ್‌ನ ಕುಣಿತವನ್ನು ಒಳಗಿನ ಎಣ್ಣೆಯ ಪ್ರತಿರೋಧದಿಂದ ತಡೆದು ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಮೂರನೆಯದು ಚಕ್ರವನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಲೋಯರ್ ಆರ್ಮ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಮತ್ತು ಇವುಗಳ ಕೂಡುಗಳಲ್ಲಿರುವ ರಬ್ಬರ್ ಬುಷ್‌ಗಳು.

ಸಣ್ಣ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿ ಒಂದೇ ಕಂಬವಾಗಿರುವ ಸ್ಟ್ರಟ್ ವ್ಯವಸ್ಥೆ ಸಾಮಾನ್ಯ. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವಿನ್ಯಾಸವು 1950ರ ಸುಮಾರಿನಲ್ಲಿ ಫೋರ್ಡ್ ಕಾರುಗಳ ಮೂಲಕ ಬಳಕೆಗೆ ಬಂದು ಇಂದು ಪ್ರಪಂಚದಾದ್ಯಂತ ಹರಡಿದೆ. ಕಡಿಮೆ ಸ್ಥಳ, ಕಡಿಮೆ ಭಾಗಗಳು ಎಂಬುದು ಇದರ ಅನುಕೂಲ. ಆದರೆ ಸ್ಟ್ರಟ್ ಸಡಿಲಿಸಿದಾಗಲೆಲ್ಲ ಚಕ್ರದ ಕೋನ ಬದಲಾಗುವ ಸಂಭವವಿದೆ ಎಂಬುದನ್ನು ಮಾಲೀಕನು ನೆನಪಿಡಬೇಕು.

ಈ ಮೂರು ಗುಂಪುಗಳ ಬೆಲೆಯಲ್ಲಿ ಭಾರಿ ಅಂತರವಿದೆ. ರಬ್ಬರ್ ಬುಷ್ ಮತ್ತು ಲಿಂಕ್ ರಾಡ್‌ಗಳು ಅಗ್ಗ. ಶಾಕ್ ಅಬ್ಸಾರ್ಬರ್ ಮತ್ತು ಸ್ಟ್ರಟ್‌ಗಳು ದುಬಾರಿ. ಕೇಳುವವರ ಕಿವಿಗೆ ಮಾತ್ರ ಎರಡರ ಶಬ್ದವೂ ಒಂದೇ ರೀತಿ ಇರಬಹುದು. ವಂಚನೆಗೂ, ಪ್ರಾಮಾಣಿಕವಾದ ತಪ್ಪು ತೀರ್ಮಾನಕ್ಕೂ ಇಲ್ಲಿಯೇ ಅವಕಾಶ ಏರ್ಪಡುತ್ತದೆ.

ಲಕ್ಷಣಗಳನ್ನು ಗುರುತಿಸುವ ಬಗೆ

ವಾಹನವನ್ನು ಗ್ಯಾರೇಜಿಗೆ ಒಯ್ಯುವ ಮುನ್ನ ಮಾಲೀಕನು ಅಥವಾ ಚಾಲಕನು ಶಬ್ದ ಯಾವಾಗ, ಎಲ್ಲಿಂದ ಬರುತ್ತದೆ ಎಂದು ಬರೆದಿಟ್ಟುಕೊಳ್ಳುವುದು ಅರ್ಧ ಕೆಲಸ ಮುಗಿಸಿದಂತೆ. ಸಾಮಾನ್ಯವಾಗಿ ಕಂಡುಬರುವ ಲಕ್ಷಣಗಳು ಹೀಗಿವೆ.

ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಗುಂಡಿಗಳಲ್ಲಿ ಟಕ ಟಕ ಎಂಬ ಶಬ್ದ ಬಂದರೆ ಲಿಂಕ್ ರಾಡ್ ಅಥವಾ ಸ್ಟೆಬಿಲೈಸರ್ ಬುಷ್ ಸವೆದಿರುವ ಸಂಭವ ಹೆಚ್ಚು. ಬ್ರೇಕ್ ಹಾಕಿದಾಗ ಅಥವಾ ಹಿಂದಕ್ಕೆ ತೆಗೆಯುವಾಗ ಒಮ್ಮೆ ಮಾತ್ರ ದಡ್ ಎಂದರೆ ಲೋಯರ್ ಆರ್ಮ್ ಬುಷ್ ಕಡೆ ಗಮನ ಹರಿಸಬೇಕು. ನಿಂತಲ್ಲಿಯೇ ಸ್ಟಿಯರಿಂಗ್ ತಿರುಗಿಸಿದಾಗ ಕಿರುಗುಟ್ಟಿದರೆ ಸ್ಟ್ರಟ್‌ನ ಮೇಲ್ತುದಿಯ ಬೇರಿಂಗ್ ಅನುಮಾನಾಸ್ಪದ. ಹಂಪ್ ದಾಟಿದ ನಂತರವೂ ವಾಹನ ಎರಡು ಮೂರು ಬಾರಿ ತೂಗಾಡಿದರೆ ಶಾಕ್ ಅಬ್ಸಾರ್ಬರ್ ದುರ್ಬಲಗೊಂಡಿದೆ ಎಂದು ತಿಳಿಯಬಹುದು. ಸಮತಟ್ಟಾದ ನೆಲದಲ್ಲಿ ಖಾಲಿ ವಾಹನ ಒಂದು ಮೂಲೆಗೆ ವಾಲಿದ್ದರೆ ಸ್ಪ್ರಿಂಗ್ ಮುರಿದಿರಬಹುದು ಅಥವಾ ಕುಸಿದಿರಬಹುದು.

ಟಯರ್ ಕೂಡ ಒಂದು ಸಾಕ್ಷಿ. ಟಯರಿನ ಒಳ ಅಂಚು ಅಥವಾ ಹೊರ ಅಂಚು ಮಾತ್ರ ಸವೆದಿದ್ದರೆ ಅದು ಚಕ್ರದ ಕೋನದ ದೋಷ. ಮೈಮೇಲೆ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಚಕ್ರವನ್ನು ನೆಲಕ್ಕೆ ಹಿಡಿಯುತ್ತಿಲ್ಲವೆಂದಾಗಲಿ, ಚಕ್ರದ ಬ್ಯಾಲೆನ್ಸ್ ತಪ್ಪಿದೆಯೆಂದಾಗಲಿ ಅರ್ಥ. ವಾಹನ ಒಂದು ಕಡೆಗೆ ಎಳೆಯುತ್ತಿದ್ದರೆ ಮೊದಲು ನೋಡಬೇಕಾದುದು ಗಾಳಿಯ ಒತ್ತಡ. ಗಾಳಿ ತುಂಬಿಸಿದರೆ ಪರಿಹಾರವಾಗುವ ದೋಷಕ್ಕೆ ಆರ್ಮ್ ಬದಲಾಯಿಸಿದ ನಿದರ್ಶನಗಳು ಗ್ಯಾರೇಜ್ ವಲಯದಲ್ಲಿ ಹೊಸದೇನಲ್ಲ.

ಬಾನೆಟ್‌ನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು ನೋಡುವ ಪದ್ಧತಿ ಎಲ್ಲೆಡೆ ರೂಢಿಯಲ್ಲಿದೆ. ಪೂರ್ಣವಾಗಿ ಕೆಟ್ಟ ಶಾಕ್ ಅಬ್ಸಾರ್ಬರ್ ಇದರಿಂದ ತಿಳಿಯುತ್ತದೆ. ಅರೆಬರೆ ಸವೆದದ್ದು ತಿಳಿಯುವುದಿಲ್ಲ. ಇದೊಂದನ್ನೇ ಆಧರಿಸಿ ಸಾವಿರಾರು ರೂಪಾಯಿಯ ತೀರ್ಮಾನ ಕೈಗೊಳ್ಳಬಾರದು. ಹಾಗೆಯೇ ಶಾಕ್ ಅಬ್ಸಾರ್ಬರ್ ಮೈಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದ ಮಾತ್ರಕ್ಕೆ ಅದು ಕೆಟ್ಟಿದೆ ಎನ್ನಲಾಗದು. ಎಣ್ಣೆ ಇಳಿದು, ಧೂಳು ಮೆತ್ತಿ, ಒರೆಸಿದ ಮೇಲೂ ಮತ್ತೆ ಒದ್ದೆಯಾಗುತ್ತಿದ್ದರೆ ಬದಲಾವಣೆ ಅನಿವಾರ್ಯ.

ಉತ್ತಮ ತಪಾಸಣೆಯ ಕ್ರಮ

ನಂಬಿಕಸ್ತ ಮೆಕ್ಯಾನಿಕ್‌ನನ್ನು ಅವನ ಮಾತಿಗಿಂತ ಅವನ ತಪಾಸಣೆಯ ಕ್ರಮದಿಂದ ಗುರುತಿಸುವುದು ಸುಲಭ. ಅಂತಹವನು ಮೊದಲು ಮಾಲೀಕನ ಮಾತನ್ನು ಪೂರ್ತಿ ಕೇಳುತ್ತಾನೆ. ನಂತರ ಶಬ್ದ ಬರುವ ರಸ್ತೆಯಲ್ಲಿಯೇ ವಾಹನವನ್ನು ಓಡಿಸಿ ನೋಡುತ್ತಾನೆ. ಆಮೇಲೆ ವಾಹನವನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಾಗೂ ಎಡಬಲಕ್ಕೆ ಅಲುಗಾಡಿಸಿ, ಪ್ರತಿಯೊಂದು ಬುಷ್‌ಗೆ ಸಲಾಕೆ ಹಾಕಿ ಮೀಟಿ ಸಡಿಲವನ್ನು ಪರೀಕ್ಷಿಸುತ್ತಾನೆ. ಸವೆದ ಭಾಗವನ್ನು ಮಾಲೀಕನನ್ನು ಕರೆದು ತೋರಿಸುತ್ತಾನೆ. ಸವೆದ ಬುಷ್ ಸಲಾಕೆಗೆ ಹೇಗೆ ಅಲುಗುತ್ತದೆ, ಎದುರು ಬದಿಯ ಗಟ್ಟಿ ಬುಷ್ ಹೇಗೆ ನಿಲ್ಲುತ್ತದೆ ಎಂದು ಎರಡನ್ನೂ ಹೋಲಿಸಿ ತೋರಿಸಬಲ್ಲವನು ನಿಜವಾದ ಕಸುಬುದಾರ.

ಇದಕ್ಕೆ ವ್ಯತಿರಿಕ್ತವಾಗಿ, ವಾಹನವನ್ನು ಎತ್ತದೆಯೇ, ಓಡಿಸದೆಯೇ, ಬಾಗಿಲ ಬಳಿ ನಿಂತು ಶಾಕ್ ಅಬ್ಸಾರ್ಬರ್ ಹೋಗಿದೆ, ಪೂರ್ತಿ ಸೆಟ್ ಹಾಕಿಸಿ ಎನ್ನುವವನಲ್ಲಿ ವಾಹನ ಬಿಡುವ ಮುನ್ನ ಎರಡು ಬಾರಿ ಯೋಚಿಸಬೇಕು. ಅಂತಹವನು ಮೋಸಗಾರನೇ ಆಗಿರಬೇಕೆಂದಿಲ್ಲ. ಒಂದೊಂದಾಗಿ ಭಾಗಗಳನ್ನು ಬದಲಾಯಿಸುತ್ತ ಹೋಗಿ ಕೊನೆಗೆ ಶಬ್ದ ನಿಲ್ಲಿಸುವುದು ಕೆಲವರ ಅಭ್ಯಾಸ. ಆ ಪ್ರಯೋಗದ ವೆಚ್ಚ ಮಾತ್ರ ಮಾಲೀಕನದು.

ಕೂಲಿ ಮತ್ತು ಬಿಡಿಭಾಗದ ಲೆಕ್ಕ

ಬೇಡದ ಭಾಗಗಳು ಏಕೆ ಬದಲಾಗುತ್ತವೆ ಎಂಬುದಕ್ಕೆ ಉತ್ತರ ಗ್ಯಾರೇಜಿನ ವರಮಾನದಲ್ಲಿದೆ. ಕೂಲಿಯ ವಿಷಯದಲ್ಲಿ ಗ್ರಾಹಕರು ಬಿಗಿಯಾಗಿ ಚೌಕಾಸಿ ಮಾಡುತ್ತಾರೆ. ತಪಾಸಣೆಗೆ ಹಣ ಕೊಡುವ ರೂಢಿಯೇ ಇಲ್ಲ. ಹೀಗಾಗಿ ಅನೇಕ ಗ್ಯಾರೇಜುಗಳು ಬಿಡಿಭಾಗದ ಮೇಲಿನ ಲಾಭಾಂಶವನ್ನೇ ನಂಬಿ ನಡೆಯುತ್ತವೆ. ವ್ಯಾಪಾರಿಗಳಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುವಂತಹುದು.

ವಿವರಣೆಗಾಗಿ ಮಾತ್ರ ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಒಂದು ಜೊತೆ ಶಾಕ್ ಅಬ್ಸಾರ್ಬರ್ ಬೆಲೆ 6,000 ರೂಪಾಯಿ, ಅದರಲ್ಲಿ ಗ್ಯಾರೇಜಿನ ಲಾಭಾಂಶ ಶೇಕಡಾ 15, ಕೂಲಿ 500 ರೂಪಾಯಿ ಎಂದಿರಲಿ. ಮಾಲೀಕನಿಗೆ ತಗಲುವ ವೆಚ್ಚ 6,500 ರೂಪಾಯಿ, ಮೆಕ್ಯಾನಿಕ್‌ಗೆ ದೊರೆಯುವುದು 1,400 ರೂಪಾಯಿ. ನಿಜವಾದ ದೋಷವು 600 ರೂಪಾಯಿಯ ಬುಷ್‌ನಲ್ಲಿದ್ದು, ಅದನ್ನು ಹುಡುಕಿ ಹಾಕಿದವನಿಗೂ ಅದೇ 500 ರೂಪಾಯಿ ಕೂಲಿ ಕೊಟ್ಟರೆ ಅವನಿಗೆ ದೊರೆಯುವುದು 590 ರೂಪಾಯಿ ಮಾತ್ರ. ಅಂದರೆ ಪ್ರಾಮಾಣಿಕನಾದವನು ಅರ್ಧಕ್ಕೂ ಹೆಚ್ಚು ವರಮಾನ ಕಳೆದುಕೊಳ್ಳುತ್ತಾನೆ.

ಈಗ ಮಾಲೀಕನು ತಪಾಸಣೆಗೆ 300 ರೂಪಾಯಿ, ಕೆಲಸಕ್ಕೆ 1,000 ರೂಪಾಯಿ ಕೂಲಿಯನ್ನು ಪ್ರತ್ಯೇಕವಾಗಿ ಕೊಡಲು ಒಪ್ಪಿದರೆ ಒಟ್ಟು ವೆಚ್ಚ 1,900 ರೂಪಾಯಿ. ಮೆಕ್ಯಾನಿಕ್‌ನ ವರಮಾನ 1,390 ರೂಪಾಯಿ, ಅಂದರೆ ಮೊದಲಿನಷ್ಟೇ. ಮಾಲೀಕನಿಗೆ ಉಳಿತಾಯ 4,600 ರೂಪಾಯಿ. ಕೂಲಿಯಲ್ಲಿ ಜಿಪುಣತನ ತೋರಿದ ಗ್ರಾಹಕನೇ ಬಿಡಿಭಾಗದಲ್ಲಿ ದಂಡ ತೆರುತ್ತಾನೆ ಎಂಬುದು ಈ ಲೆಕ್ಕದ ಸಾರ. ತಪಾಸಣೆಯ ಶುಲ್ಕವನ್ನು ಮುಂಚಿತವಾಗಿ ಮಾತನಾಡಿ, ಕೆಲಸ ಅಲ್ಲಿಯೇ ಮಾಡಿಸಲಿ ಬಿಡಲಿ ಅದನ್ನು ಸಲ್ಲಿಸುವುದು ಇಬ್ಬರಿಗೂ ಲಾಭದಾಯಕ.

ಸರಿಯಾದ ಕೆಲಸದ ಗುರುತುಗಳು

ದೋಷ ಪತ್ತೆಯಾದ ಮೇಲೆ ಕೆಲಸದ ಗುಣಮಟ್ಟವನ್ನು ಪರಿಶೀಲಿಸಲು ಕೆಲವು ಪ್ರಶ್ನೆಗಳು ಸಾಕು. ಶಾಕ್ ಅಬ್ಸಾರ್ಬರ್‌ಗಳನ್ನು ಎಡಬಲ ಎರಡೂ ಕಡೆ ಜೊತೆಯಾಗಿ ಬದಲಾಯಿಸುವುದು ಸರಿಯಾದ ಪದ್ಧತಿ. ಒಂದು ಹೊಸದು, ಒಂದು ಹಳೆಯದಾದರೆ ಬ್ರೇಕ್ ಹಾಕಿದಾಗ ಮತ್ತು ತಿರುವಿನಲ್ಲಿ ವಾಹನ ಸಮತೋಲ ತಪ್ಪುತ್ತದೆ. ಆದರೆ ಮುಂದಿನ ಜೊತೆ ಕೆಟ್ಟಿತೆಂದು ಹಿಂದಿನ ಜೊತೆಯನ್ನೂ ಬದಲಾಯಿಸಬೇಕೆಂಬ ನಿಯಮವಿಲ್ಲ.

ಸ್ಟ್ರಟ್ ಬಿಚ್ಚುವಾಗ ಸುರುಳಿ ಸ್ಪ್ರಿಂಗನ್ನು ಹಿಡಿದಿಡುವ ಕಂಪ್ರೆಸರ್ ಉಪಕರಣ ಇರಲೇಬೇಕು. ಒತ್ತಡದಲ್ಲಿರುವ ಸ್ಪ್ರಿಂಗ್ ಸಿಡಿದರೆ ಕೆಲಸಗಾರನ ಪ್ರಾಣಕ್ಕೇ ಅಪಾಯ. ತಂತಿ, ಹಗ್ಗಗಳಿಂದ ಬಿಗಿದು ಕೆಲಸ ಮಾಡುವ ಗ್ಯಾರೇಜನ್ನು ದೂರವಿಡುವುದು ಕ್ಷೇಮ.

ರಬ್ಬರ್ ಬುಷ್‌ಗಳ ಮುಖ್ಯ ಬೋಲ್ಟ್‌ಗಳನ್ನು ಚಕ್ರ ನೆಲದ ಮೇಲೆ ಊರಿ, ವಾಹನದ ಭಾರ ಬಿದ್ದ ಸ್ಥಿತಿಯಲ್ಲಿ ಕೊನೆಯ ಬಾರಿ ಬಿಗಿಮಾಡಬೇಕು. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿಮಾಡಿದರೆ, ಕೆಳಗಿಳಿಸಿದ ಕೂಡಲೆ ರಬ್ಬರ್ ತಿರುಚಿಕೊಂಡು ಬಹುಬೇಗ ಹರಿದುಹೋಗುತ್ತದೆ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಕೆಟ್ಟಿತೆಂಬ ದೂರಿಗೆ ಕಳಪೆ ಬಿಡಿಭಾಗದಷ್ಟೇ ಈ ತಪ್ಪೂ ಕಾರಣ. ಬೋಲ್ಟ್ ಯಾವಾಗ ಬಿಗಿಮಾಡುತ್ತೀರಿ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಿಂದಲೇ ಮೆಕ್ಯಾನಿಕ್‌ನ ತಿಳಿವಳಿಕೆಯನ್ನು ಅಳೆಯಬಹುದು.

ಸ್ಟ್ರಟ್, ಲೋಯರ್ ಆರ್ಮ್ ಅಥವಾ ಟೈ ರಾಡ್ ಮುಟ್ಟಿದ ನಂತರ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯವೆಂದೇ ಭಾವಿಸಬೇಕು. ಸಣ್ಣ ಊರಿನ ಗ್ಯಾರೇಜಿನಲ್ಲಿ ಅದರ ಯಂತ್ರವಿಲ್ಲದಿರುವುದು ದೋಷವಲ್ಲ. ಯಂತ್ರವಿರುವ ಟಯರ್ ಅಂಗಡಿಗೆ ಒಯ್ಯಿರಿ ಎಂದು ತಾನಾಗಿಯೇ ಹೇಳದಿರುವುದು ದೋಷ. ಅಲೈನ್‌ಮೆಂಟ್‌ಗೆ ಮುಂಚಿನ ಹಾಗೂ ನಂತರದ ಅಳತೆಗಳಿರುವ ಮುದ್ರಿತ ಚೀಟಿಯನ್ನು ಕೇಳಿ ಪಡೆದು ಬಿಲ್ಲಿನೊಡನೆ ಇಟ್ಟುಕೊಳ್ಳಬೇಕು. ಕೊನೆಯದಾಗಿ, ಬಿಚ್ಚಿದ ಹಳೆಯ ಭಾಗಗಳನ್ನು ಹಿಂದಕ್ಕೆ ಕೇಳಬೇಕು. ಅದು ಅಪನಂಬಿಕೆಯ ಲಕ್ಷಣವಲ್ಲ, ವ್ಯವಹಾರದ ಶಿಸ್ತು.

ಸರಕು ವಾಹನಗಳ ಬ್ಲೇಡು

2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರ ಸಣ್ಣ ವರ್ತಕರೂ ಸ್ವಂತ ಸರಕು ವಾಹನ ಹೊಂದುವುದು ಸಾಧ್ಯವಾಯಿತು. ಅಂಗಡಿಗೆ ಒಂದು ಕಾರು, ಸರಕಿಗೆ ಒಂದು ಪಿಕಪ್ ಎಂಬುದು ಈಗ ಸಾಮಾನ್ಯ. ಕಾರಿನ ಜೊತೆಗೆ ಇವುಗಳ ಸಸ್ಪೆನ್ಷನ್ ಕುರಿತೂ ಎಚ್ಚರ ಅಗತ್ಯ. ಹೆಚ್ಚು ಮೂಟೆ ಹೇರುವ ಉದ್ದೇಶದಿಂದ ಹೆಚ್ಚುವರಿ ಬ್ಲೇಡು ಹಾಕಿಸುವ ಪರಿಪಾಠ ಸುಗ್ಗಿಯ ಕಾಲದಲ್ಲಿ ಕಂಡುಬರುತ್ತದೆ. ಬ್ಲೇಡು ಸೇರಿಸಿದರೆ ವಾಹನ ಕುಸಿಯದೆ ನಿಲ್ಲುತ್ತದೆ, ನಿಜ. ಆದರೆ ಆಕ್ಸಲ್, ಬ್ರೇಕ್, ಟಯರ್ ಮತ್ತು ಚಾಸಿಯ ಶಕ್ತಿ ಹೆಚ್ಚುವುದಿಲ್ಲ. ಆರ್.ಸಿ. ಪುಸ್ತಕದಲ್ಲಿ ನಮೂದಾದ ಭಾರದ ಮಿತಿಯೂ ಬದಲಾಗುವುದಿಲ್ಲ. ಉಳಿದ ಭಾಗಗಳ ಸವೆತವನ್ನು ಲೆಕ್ಕ ಹಾಕಿದರೆ ಒಂದು ಬಾರಿ ಹೆಚ್ಚು ಹೇರಿ ಗಳಿಸಿದ ಬಾಡಿಗೆ ಮುಂದಿನ ದುರಸ್ತಿಗೆ ಸಾಲದೆ ಹೋಗಬಹುದು.

ಕುಸಿದ ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವುದು, ಮುರಿದುದನ್ನು ವೆಲ್ಡ್ ಮಾಡುವುದು ಅಗ್ಗವೆಂದು ತೋರಿದರೂ ಸಲ್ಲದು. ಸ್ಪ್ರಿಂಗ್ ಉಕ್ಕಿಗೆ ಹದ ಬಂದಿರುವುದು ಕಾರ್ಖಾನೆಯ ನಿಯಂತ್ರಿತ ಶಾಖದಿಂದ. ಅಡ್ಡಾದಿಡ್ಡಿ ಕಾಯಿಸಿದರೆ ಆ ಹದ ಕೆಟ್ಟು, ಭಾರ ತುಂಬಿದಾಗ ದಾರಿಯಲ್ಲಿಯೇ ತುಂಡಾಗುವ ಅಪಾಯವಿದೆ. ಬ್ಲೇಡು ಬದಲಾಯಿಸಿದಾಗ ಸೆಂಟರ್ ಬೋಲ್ಟ್ ಹಾಗೂ ಯು ಬೋಲ್ಟ್‌ಗಳ ಸ್ಥಿತಿಯನ್ನು ನೋಡಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿಸಬೇಕು. ಇದನ್ನು ನೆನಪಿಸಿ ಮರಳಿ ಬರಹೇಳುವ ಮೆಕ್ಯಾನಿಕ್ ವಿಶ್ವಾಸಕ್ಕೆ ಅರ್ಹ.

ಎಲ್ಲಿಗೆ ಒಯ್ಯಬೇಕು?

ವಾಹನವು ವಾರಂಟಿ ಅವಧಿಯಲ್ಲಿದ್ದರೆ ಕಂಪನಿಯ ಅಧಿಕೃತ ಸೇವಾ ಕೇಂದ್ರವೇ ಸರಿಯಾದ ಸ್ಥಳ. ವಾರಂಟಿ ಮುಗಿದ ನಂತರ ಮಾಲೀಕನಿಗೆ ಆಯ್ಕೆಗಳಿವೆ. ಹಗುರ ಕೆಲಸಗಳಾದ ಲಿಂಕ್ ರಾಡ್, ಬುಷ್, ಬ್ಲೇಡು ಇತ್ಯಾದಿಗಳಿಗೆ ತಾಲ್ಲೂಕು ಕೇಂದ್ರದ ಅನುಭವಿ ಗ್ಯಾರೇಜುಗಳು ಸಮರ್ಥವಾಗಿವೆ. ಪ್ರೆಸ್ ಯಂತ್ರ, ಅಲೈನ್‌ಮೆಂಟ್ ಯಂತ್ರ ಬೇಕಾದ ಕೆಲಸಗಳಿಗೆ ಅವು ಇರುವಲ್ಲಿಗೆ ಹೋಗುವುದೇ ಮೇಲು. ಆದರೆ ಮೈಸೂರಿನವರೆಗಿನ ಇಂಧನ, ಚಾಲಕನ ದಿನ ಮತ್ತು ಅಂಗಡಿಯ ಕೆಲಸದ ನಷ್ಟವನ್ನೂ ಬೆಲೆಯೊಳಗೆ ಸೇರಿಸಿ ಹೋಲಿಸಬೇಕು.

ಸ್ವತಂತ್ರ ಗ್ಯಾರೇಜುಗಳ ಪರವಾಗಿ ಒಂದು ಮಹತ್ವದ ಬೆಳವಣಿಗೆಯನ್ನು ಇಲ್ಲಿ ಸ್ಮರಿಸಬಹುದು. ಬಿಡಿಭಾಗಗಳು ಮತ್ತು ತಾಂತ್ರಿಕ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ದೊರೆಯದಂತೆ ನಿರ್ಬಂಧಿಸಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಆ ಆದೇಶವನ್ನು ಕಂಪನಿಗಳು ಮೇಲಿನ ಹಂತಗಳಲ್ಲಿ ಪ್ರಶ್ನಿಸಿದವು. ಆದರೂ ವಾಹನ ಕೊಂಡವನಿಗೆ ದುರಸ್ತಿಯ ಸ್ಥಳವನ್ನು ಆರಿಸುವ ಸ್ವಾತಂತ್ರ್ಯವಿರಬೇಕೆಂಬ ವಿಚಾರಕ್ಕೆ ಅದರಿಂದ ಬಲ ಬಂದಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ಆರಂಭಿಸಿದ್ದು, ಅದರಲ್ಲಿ ವಾಹನ ಕ್ಷೇತ್ರವೂ ಸೇರಿದೆ.

ಮೆಕ್ಯಾನಿಕ್‌ನ ತರಬೇತಿಯನ್ನೂ ವಿಚಾರಿಸಬಹುದು. ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಎರಡು ವರ್ಷದ ತರಬೇತಿ ಇದೆ. ಆದರೆ ಪ್ರಮಾಣಪತ್ರವಿಲ್ಲದೆ, ಬಾಲ್ಯದಿಂದ ಗ್ಯಾರೇಜಿನಲ್ಲಿಯೇ ಕಲಿತ ನಿಪುಣರೂ ಈ ಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬಾಡಿಗೆ ಕಾರು ಮತ್ತು ಶಾಲಾ ವಾಹನ ನಡೆಸುವವರು ಎಲ್ಲಿ ದುರಸ್ತಿ ಮಾಡಿಸುತ್ತಾರೆ ಎಂದು ವಿಚಾರಿಸುವುದು ಒಳ್ಳೆಯ ಉಪಾಯ. ಒಂದು ದಿನ ವಾಹನ ನಿಂತರೂ ಅವರ ಸಂಪಾದನೆ ನಿಲ್ಲುವುದರಿಂದ, ಕೆಟ್ಟ ಕೆಲಸ ಮಾಡುವವನಲ್ಲಿಗೆ ಅವರು ಎರಡನೆಯ ಬಾರಿ ಹೋಗುವುದಿಲ್ಲ.

ಬಿಲ್ಲು ಮತ್ತು ತೆರಿಗೆ

ಬಿಲ್ಲಿಲ್ಲದೆ ಅಗ್ಗಕ್ಕೆ ಮುಗಿಸುವ ವ್ಯವಹಾರ ವರ್ತಕರಿಗೆ ಬಹುವೇಳೆ ದುಬಾರಿಯಾಗುತ್ತದೆ. ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಂ ಪ್ರಕಾರ, ಚಾಲಕನೂ ಸೇರಿ 13 ಜನರವರೆಗೆ ಕುಳಿತುಕೊಳ್ಳುವ ಪ್ರಯಾಣಿಕ ವಾಹನಗಳ ದುರಸ್ತಿಗೆ ತೆತ್ತ ತೆರಿಗೆಯನ್ನು, ಕೆಲವು ವಿನಾಯಿತಿಗಳ ಹೊರತು, ಹೂಡುವಳಿ ತೆರಿಗೆಯಾಗಿ ಹಿಂಪಡೆಯಲು ಅವಕಾಶವಿಲ್ಲ. ಸರಕು ಸಾಗಣೆ ವಾಹನಗಳಿಗೆ ಈ ನಿರ್ಬಂಧವಿಲ್ಲ. ಆದ್ದರಿಂದ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ ವರ್ತಕರು ತಮ್ಮ ವ್ಯವಹಾರದ ಪಿಕಪ್ ದುರಸ್ತಿಗೆ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ನಮೂದಿಸಿದ ತೆರಿಗೆ ಬಿಲ್ಲು ಪಡೆದರೆ ಆ ತೆರಿಗೆ ಹಿಂದಿರುಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲೆ ಏಕರೂಪವಾಗಿ ಶೇಕಡಾ 18ರ ಜಿ.ಎಸ್.ಟಿ. ಜಾರಿಗೆ ಬಂದಿದೆ. ಅದಕ್ಕೆ ಮೊದಲು ಹಲವು ಭಾಗಗಳ ಮೇಲೆ ಶೇಕಡಾ 28 ಇತ್ತು. ಹಳೆಯ ದಾಸ್ತಾನಿನ ಪೆಟ್ಟಿಗೆಯ ಮೇಲೆ ಹಳೆಯ ಗರಿಷ್ಠ ಬೆಲೆಯೇ ಮುದ್ರಿತವಾಗಿದ್ದರೆ ಹೊಸ ದರದ ಲೆಕ್ಕವನ್ನು ಕೇಳುವುದು ಉಚಿತ. ನೋಂದಣಿಯ ಮಿತಿಯೊಳಗಿರುವ ಸಣ್ಣ ಗ್ಯಾರೇಜುಗಳು ತೆರಿಗೆಯನ್ನು ವಿಧಿಸುವಂತಿಲ್ಲ. ಅಂತಹ ಕಡೆಯೂ ದಿನಾಂಕ, ವಾಹನದ ಸಂಖ್ಯೆ, ಓಡಿದ ಕಿಲೋಮೀಟರ್, ಹಾಕಿದ ಭಾಗದ ಹೆಸರು ಹಾಗೂ ಪಾರ್ಟ್ ನಂಬರ್, ಕೂಲಿ, ಖಾತರಿಯ ಅವಧಿ ಇವುಗಳನ್ನೊಳಗೊಂಡ ಸಾದಾ ಬಿಲ್ಲನ್ನು ಪಡೆಯಲೇಬೇಕು. ನಕಲಿ ಭಾಗಗಳನ್ನು ತಡೆಯಲು ಸೀಲಾದ ಪೆಟ್ಟಿಗೆಯನ್ನು ತಮ್ಮೆದುರಿಗೇ ತೆರೆಯಿಸುವುದು ಕ್ಷೇಮ.

ವಿವಾದ ತಲೆದೋರಿದಾಗ

ಮೊದಲ ಹೆಜ್ಜೆ ಮಾತುಕತೆ. ದೋಷ ಮರುಕಳಿಸಿದರೆ ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸುವ ಮೊದಲು ಕೆಲಸ ಮಾಡಿದವನಿಗೇ ತೋರಿಸಬೇಕು. ಬೇರೆಯವರು ಕೈಹಾಕಿದ ಮೇಲೆ ಹೊಣೆಗಾರಿಕೆ ನಿರ್ಧರಿಸುವುದು ಕಷ್ಟ. ಅಲ್ಲಿ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅನ್ವಯ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ.

ಆದರೆ ವರ್ತಕರು ಒಂದು ಅಂಶವನ್ನು ಗಮನಿಸಬೇಕು. ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವರು ಈ ಕಾಯ್ದೆಯಡಿ ಗ್ರಾಹಕರೆನಿಸುವುದಿಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಮಾತ್ರ ಬಳಸುವವರಿಗೆ ವಿನಾಯಿತಿ ಇದೆ. ಸಂಸ್ಥೆಯ ಹೆಸರಿನ ವಾಹನಗಳ ವಿಷಯದಲ್ಲಿ ಕಾನೂನಿನ ಆಸರೆ ಕಡಿಮೆಯಿರುವುದರಿಂದ, ಮುಂಚಿತವಾಗಿ ಲಿಖಿತ ಅಂದಾಜು ಪಡೆಯುವುದು, ತಮ್ಮ ಒಪ್ಪಿಗೆಯಿಲ್ಲದೆ ಹೆಚ್ಚುವರಿ ಕೆಲಸ ಮಾಡಕೂಡದೆಂದು ಅದರಲ್ಲಿಯೇ ಬರೆಸುವುದು ಇನ್ನೂ ಅಗತ್ಯ.

ಒಟ್ಟುಗೂಡಿದರೆ ಲಾಭ

ಒಬ್ಬ ಗ್ರಾಹಕ ವರ್ಷಕ್ಕೊಮ್ಮೆ ಬಂದು ಹೋಗುವವನಾದರೆ ಗ್ಯಾರೇಜಿಗೆ ಅವನ ವಿಶ್ವಾಸ ಉಳಿಸಿಕೊಳ್ಳುವ ಒತ್ತಾಯವಿರುವುದಿಲ್ಲ. ಅದೇ ಒಂದು ಬೀದಿಯ ಅಥವಾ ಒಂದು ಮಂಡಿಯ ಎಂಟು ಹತ್ತು ವರ್ತಕರು ಸೇರಿ ತಮ್ಮೆಲ್ಲರ ವಾಹನಗಳನ್ನು ಒಂದೇ ಕಡೆ ಬಿಡಲು ಒಪ್ಪಿ, ತಪಾಸಣೆಯ ಶುಲ್ಕ, ಕೂಲಿಯ ದರಪಟ್ಟಿ, ಹಳೆಯ ಭಾಗ ಮರಳಿಸುವ ಷರತ್ತುಗಳನ್ನು ಮುಂಚಿತವಾಗಿ ನಿಗದಿಪಡಿಸಿದರೆ ಚಿತ್ರ ಬದಲಾಗುತ್ತದೆ. ಒಬ್ಬರಿಗೆ ಮಾಡಿದ ಮೋಸ ಹತ್ತು ಮಂದಿಗೆ ತಿಳಿಯುತ್ತದೆ, ಒಬ್ಬರಿಗೆ ಮಾಡಿದ ಒಳ್ಳೆಯ ಕೆಲಸ ಹತ್ತು ಗಿರಾಕಿಗಳನ್ನು ಉಳಿಸುತ್ತದೆ. ವರ್ತಕರ ಸಂಘಗಳು ಇಂತಹ ಏರ್ಪಾಡಿಗೆ ಮುಂದಾಗುವುದು ಸೂಕ್ತ.

ಪ್ರತಿ ವಾಹನಕ್ಕೊಂದು ಸಣ್ಣ ಪುಸ್ತಕವಿಟ್ಟು ಯಾವ ಭಾಗ, ಎಷ್ಟು ಕಿಲೋಮೀಟರಿಗೆ, ಯಾವ ಬೆಲೆಗೆ ಬದಲಾಯಿತೆಂದು ಬರೆಯುತ್ತ ಹೋದರೆ ಎರಡು ಮೂರು ವರ್ಷಗಳಲ್ಲಿ ಅದೇ ಒಂದು ಆಧಾರವಾಗುತ್ತದೆ. ಒಂದೇ ಭಾಗ ಪದೇ ಪದೇ ಕೆಡುತ್ತಿದ್ದರೆ ದೋಷ ಬಿಡಿಭಾಗದಲ್ಲಿದೆಯೋ, ಕೆಲಸದಲ್ಲಿದೆಯೋ, ಹೇರುವ ಭಾರದಲ್ಲಿದೆಯೋ ಎಂದು ಅದು ತೋರಿಸಿಕೊಡುತ್ತದೆ. ತಂಬಾಕು ಹರಾಜು ಅಥವಾ ಭತ್ತದ ಕೊಯ್ಲು ಆರಂಭವಾಗುವುದಕ್ಕೆ ಮುಂಚೆ, ಕೆಲಸ ಬಿಡುವಾಗಿರುವ ದಿನಗಳಲ್ಲಿ ಒಮ್ಮೆ ತಪಾಸಣೆ ಮಾಡಿಸಿಕೊಂಡರೆ ಮೆಕ್ಯಾನಿಕ್‌ಗೂ ಸಾವಧಾನವಿರುತ್ತದೆ, ಮಾಲೀಕನಿಗೂ ಎರಡು ಕಡೆ ವಿಚಾರಿಸುವ ಅವಕಾಶವಿರುತ್ತದೆ. ಸರಕು ತುಂಬಿದ ವಾಹನ ದಾರಿಯಲ್ಲಿ ನಿಂತ ದಿನ ಚೌಕಾಸಿಗೆ ಎಡೆಯಿರುವುದಿಲ್ಲ.